ಎಲೆಯೊಳಗೆ ಯಾರಿದ್ದಾರೆ? ಮೊದಲು ಹೆಸರು ತಿಳಿಯೋಣ

ಮಕ್ಕಳೇ, ಮಲ್ಲಿಗೆ ಮತ್ತು ಪಾರಿಜಾತ ನಿಮಗೆಲ್ಲ ಗೊತ್ತು. ಸಸ್ಯಶಾಸ್ತ್ರದ ಪ್ರಕಾರ ಇವೆರಡೂ ಒಂದೇ ಕುಟುಂಬದವು. ಇದೇ ಕುಟುಂಬಕ್ಕೆ ಸೇರಿದ ಒಂದು ದೊಡ್ಡ ಮರ ಯುರೋಪಿನ ಕಾಡುಗಳಲ್ಲಿ ಬೆಳೆಯುತ್ತದೆ. ಅದರ ಹೆಸರು ಆ್ಯಶ್. ಹೆಸರು ಕೇಳಿ ಇಂಗ್ಲಿಷಿನ ಬೂದಿ ನೆನಪಾಯಿತೇ? ಬೂದಿಗೂ ಈ ಮರದ ಹೆಸರಿಗೂ ಸಂಬಂಧವಿಲ್ಲ. ಎರಡು ಬೇರೆ ಬೇರೆ ಹಳೆಯ ಪದಗಳು ಕಾಲಕ್ರಮೇಣ ಒಂದೇ ರೀತಿ ಕೇಳಿಸತೊಡಗಿವೆ, ಅಷ್ಟೆ.

ಆ್ಯಶ್ ಮರ 30 ಮೀಟರ್‌ಗಿಂತಲೂ ಎತ್ತರ ಬೆಳೆಯಬಲ್ಲದು. ಬೇವಿನ ಎಲೆಯಲ್ಲಿ ಇರುವಂತೆ ಇದರಲ್ಲಿಯೂ ಒಂದು ಉದ್ದನೆಯ ನಡುಕಡ್ಡಿಯ ಎರಡೂ ಬದಿಗೆ ಕಿರುಎಲೆಗಳು ಜೋಡಿ ಜೋಡಿಯಾಗಿರುತ್ತವೆ. ಇದರ ಮರಮುಟ್ಟು ಗಟ್ಟಿ, ಆದರೆ ಬಳುಕುವ ಗುಣವುಳ್ಳದ್ದು. ಆದ್ದರಿಂದ ಅಲ್ಲಿನ ಜನ ಕೊಡಲಿ, ಸುತ್ತಿಗೆ, ಗುದ್ದಲಿಗಳ ಕಾವಿಗೆ ಇದನ್ನೇ ಬಳಸುತ್ತಾ ಬಂದರು. ಹಾಕಿ ಕೋಲುಗಳನ್ನೂ ಇದರಿಂದ ಮಾಡಿದರು. ಆ್ಯಶ್‌ನ ಕೆಲವು ಪ್ರಭೇದಗಳು ನಮ್ಮ ಹಿಮಾಲಯದಲ್ಲೂ ಇವೆ.

ಈಗ ಒಂದು ಪ್ರಶ್ನೆ. ಹಸಿರಾಗಿ, ಆರೋಗ್ಯವಾಗಿರುವ ಒಂದು ಆ್ಯಶ್ ಎಲೆಯನ್ನು ಕಿತ್ತು, ಚೆನ್ನಾಗಿ ತೊಳೆದು ನೋಡಿದರೆ ಅದರೊಳಗೆ ಏನಿರುತ್ತದೆ? ಎಲೆಯ ಜೀವಕೋಶಗಳು, ಹರಿತ್ತು, ನೀರು ಎಂದು ನೀವು ಹೇಳಬಹುದು. ಉತ್ತರ ಸರಿ, ಆದರೆ ಪೂರ್ತಿಯಲ್ಲ. ಆ ಎಲೆಯೊಳಗೆ ಶಿಲೀಂಧ್ರಗಳೂ ಇರುತ್ತವೆ. ಒಂದಲ್ಲ ಎರಡಲ್ಲ, ಹಲವು ಬಗೆಯವು!

ಎಲೆಯೇ ಮನೆ

ಶಿಲೀಂಧ್ರ ಎಂದರೆ ನಮಗೆ ನೆನಪಾಗುವುದು ಅಣಬೆ, ಅಥವಾ ಹಳಸಿದ ರೊಟ್ಟಿಯ ಮೇಲಿನ ಬೂಷ್ಟು. ಇವು ಕಣ್ಣಿಗೆ ಕಾಣುತ್ತವೆ. ಆದರೆ ಗಿಡದ ಒಳಗೆ, ಜೀವಕೋಶಗಳ ನಡುವಿನ ಸಂದಿಗಳಲ್ಲಿ ಸದ್ದಿಲ್ಲದೆ ಬದುಕುವ ಶಿಲೀಂಧ್ರಗಳಿವೆ. ಇವುಗಳನ್ನು ಎಂಡೋಫೈಟ್ ಎನ್ನುತ್ತಾರೆ. ಗ್ರೀಕ್ ಭಾಷೆಯ ‘ಒಳಗೆ’ ಮತ್ತು ‘ಗಿಡ’ ಎಂಬ ಎರಡು ಪದಗಳಿಂದ ಈ ಹೆಸರು ಹುಟ್ಟಿದೆ. ಇವು ಎಲೆಯಲ್ಲಿ ಇದ್ದರೂ ಎಲೆ ಬಾಡುವುದಿಲ್ಲ, ಚುಕ್ಕೆ ಬೀಳುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ.

ಇವು ಒಳಗೆ ಬಂದದ್ದು ಹೇಗೆ? ಚಳಿಗಾಲದಲ್ಲಿ ಎಲೆ ಉದುರಿಸಿದ ಆ್ಯಶ್ ಮರ ವಸಂತದಲ್ಲಿ ಚಿಗುರುತ್ತದೆ. ಎಳೆಯ ಚಿಗುರಿನಲ್ಲಿ ಇಂತಹ ಶಿಲೀಂಧ್ರಗಳು ಬಹಳ ಕಡಿಮೆ. ಗಾಳಿ ಮತ್ತು ಮಳೆಹನಿಗಳ ಜೊತೆ ಬೀಜಕಗಳು ಬಂದು ಎಲೆಯ ಮೇಲೆ ಕೂರುತ್ತವೆ, ಮೊಳೆತು ಒಳಗೆ ಸೇರುತ್ತವೆ. ಬೇಸಿಗೆ ಕಳೆದು ಎಲೆ ಉದುರುವ ಕಾಲ ಬರುವಷ್ಟರಲ್ಲಿ ಎಲೆಯೊಳಗಿನ ಶಿಲೀಂಧ್ರಗಳ ಸಂಖ್ಯೆ ಬಹಳ ಹೆಚ್ಚಿರುತ್ತದೆ. ಇದು ಆ್ಯಶ್ ಮರವೊಂದರ ಕಥೆಯಲ್ಲ. ನಮ್ಮ ದೇಶದ ವಿಜ್ಞಾನಿಗಳು ಬೇವಿನ ಎಲೆಯೊಳಗಿನಿಂದಲೂ ಇಂತಹ ಶಿಲೀಂಧ್ರಗಳನ್ನು ಬೇರ್ಪಡಿಸಿದ್ದಾರೆ.

ಇದನ್ನು ಕೇಳಿದ ಕೂಡಲೇ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇವು ಒಳ್ಳೆಯವೋ, ಕೆಟ್ಟವೋ?’ ನನ್ನ ಅಭಿಪ್ರಾಯದಲ್ಲಿ ಇದು ಎರಡನೆಯ ಪ್ರಶ್ನೆಯಾಗಬೇಕು. ಮೊದಲ ಪ್ರಶ್ನೆ, ‘ಇದು ಯಾರು?’ ಎಂಬುದು. ಹೆಸರು ಹುಡುಕುವ ಕೆಲಸ ನಿಧಾನದ್ದು, ಬೇಸರ ತರಿಸುವಂಥದ್ದು ಎಂದು ಕೆಲವರು ಭಾವಿಸುತ್ತಾರೆ. ಆದರೆ ಅದನ್ನು ಬಿಟ್ಟು ಮುಂದೆ ಹೋದರೆ ಏನಾಗಬಹುದು ಎಂಬುದಕ್ಕೆ ಆ್ಯಶ್ ಮರವೇ ಸಾಕ್ಷಿ.

ಸಾಯತೊಡಗಿದ ಮರಗಳು

1990ರ ದಶಕದ ಆರಂಭದಲ್ಲಿ ಪೋಲೆಂಡ್ ದೇಶದಲ್ಲಿ ಆ್ಯಶ್ ಮರಗಳು ತುದಿಯಿಂದ ಒಣಗುತ್ತಿರುವುದನ್ನು ಜನ ಗಮನಿಸಿದರು. ಮೊದಲು ಎಲೆಗಳ ಮೇಲೆ ಕಂದು ಕಲೆ. ಅಲ್ಲಿಂದ ರೋಗ ಎಲೆಯ ನಡುಕಡ್ಡಿಗೆ, ನಡುಕಡ್ಡಿಯಿಂದ ರೆಂಬೆಗೆ ಇಳಿಯುತ್ತಿತ್ತು. ರೆಂಬೆಯ ತೊಗಟೆ ಸಾಯುತ್ತಿತ್ತು. ಎಳೆಯ ಮರಗಳು ಕೆಲವೇ ವರ್ಷಗಳಲ್ಲಿ ಸತ್ತವು. ದೊಡ್ಡ ಮರಗಳು ವರ್ಷ ವರ್ಷವೂ ಸೊರಗಿದವು. ಸೊರಗಿದ ಮರಕ್ಕೆ ಬೇರೆ ರೋಗಗಳೂ ಸುಲಭವಾಗಿ ತಗುಲಿದವು. ರೋಗ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹಬ್ಬುತ್ತಾ ಹೋಯಿತು.

ಕಾರಣ ಯಾರು? ಹತ್ತು ವರ್ಷಕ್ಕೂ ಹೆಚ್ಚು ಕಾಲ ಖಚಿತವಾಗಿ ತಿಳಿಯಲಿಲ್ಲ. 2006ರಲ್ಲಿ ಪೋಲೆಂಡಿನ ವಿಜ್ಞಾನಿ ತಡೆಯುಷ್ ಕೊವಾಲ್ಸ್ಕಿ, ಸಾಯುತ್ತಿರುವ ಮರಗಳಲ್ಲಿ ಸಿಕ್ಕ ಒಂದು ಶಿಲೀಂಧ್ರವನ್ನು ಹೊಸ ಪ್ರಭೇದ ಎಂದು ವರ್ಣಿಸಿ, ಅದಕ್ಕೆ ಕಲಾರಾ ಫ್ರ್ಯಾಕ್ಸಿನಿಯಾ ಎಂದು ಹೆಸರಿಟ್ಟರು. ಇದು ದೊಡ್ಡ ಹೆಜ್ಜೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಹಲವು ಶಿಲೀಂಧ್ರಗಳಿಗೆ ಜೀವನದಲ್ಲಿ ಎರಡು ರೂಪಗಳಿರುತ್ತವೆ. ಕಂಬಳಿಹುಳುವನ್ನೂ ಚಿಟ್ಟೆಯನ್ನೂ ನೋಡಿದವರಿಗೆ, ಇವೆರಡೂ ಒಂದೇ ಜೀವಿ ಎಂದು ಯಾರಾದರೂ ಹೇಳದೆ ತಿಳಿಯುತ್ತದೆಯೇ? ಹಾಗೆಯೇ ಇಲ್ಲಿಯೂ ಇನ್ನೊಂದು ರೂಪವನ್ನು ಹುಡುಕಬೇಕಾಯಿತು. ಹಿಂದಿನ ವರ್ಷ ಉದುರಿದ ಎಲೆಗಳ ಕಪ್ಪಾದ ನಡುಕಡ್ಡಿಗಳ ಮೇಲೆ ಬೇಸಿಗೆಯಲ್ಲಿ ಕೆಲವೇ ಮಿಲಿಮೀಟರ್ ಅಗಲದ ಬಿಳಿಯ ಬಟ್ಟಲುಗಳು ಮೂಡುತ್ತಿದ್ದವು. ಇದೇ ಆ ಇನ್ನೊಂದು ರೂಪ. ಈ ಬಟ್ಟಲುಗಳಿಂದ ಹೊರಬಿದ್ದ ಬೀಜಕಗಳು ಗಾಳಿಯಲ್ಲಿ ತೇಲಿ ಹೊಸ ಎಲೆಗಳನ್ನು ಸೇರುತ್ತವೆ.

ಅಂತಹ ಬಿಳಿ ಬಟ್ಟಲಿನ ಶಿಲೀಂಧ್ರವೊಂದು ಯುರೋಪಿಗೆ 19ನೇ ಶತಮಾನದಿಂದಲೇ ಪರಿಚಿತವಾಗಿತ್ತು. ಅದರ ಹೆಸರು ಹೈಮೆನೋಸೈಫಸ್ ಆಲ್ಬಿಡಸ್. ಉದುರಿದ ಎಲೆಕಡ್ಡಿಗಳನ್ನು ಕೊಳೆಸಿ ಮಣ್ಣಿಗೆ ಸೇರಿಸುವ ಸಾಧು ಜೀವಿ ಅದು. 2009ರಲ್ಲಿ, ‘ರೋಗ ತರುತ್ತಿರುವುದು ಇದೇ ಆಲ್ಬಿಡಸ್’ ಎಂಬ ತೀರ್ಮಾನ ಪ್ರಕಟವಾಯಿತು. ನೋಡಲು ಎರಡೂ ಹಾಗೆಯೇ ಇದ್ದವು. ಆದರೆ ಎಲ್ಲರ ಮನಸ್ಸಿನಲ್ಲೂ ಒಂದು ಪ್ರಶ್ನೆ ಉಳಿಯಿತು: ಇಷ್ಟು ವರ್ಷ ಸುಮ್ಮನಿದ್ದ ಶಿಲೀಂಧ್ರ ಈಗ ಇದ್ದಕ್ಕಿದ್ದಂತೆ ಏಕೆ ಮರ ಕೊಲ್ಲುತ್ತಿದೆ?

ಬೆಳ್ಳಗಿರುವುದೆಲ್ಲ ಹಾಲಲ್ಲ

ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬಿಳಿ ಬಟ್ಟಲುಗಳ ಡಿಎನ್ಎ ಪರೀಕ್ಷೆ ಮಾಡಿದರು. 2011ರಲ್ಲಿ ಅಚ್ಚಾದ ಅವರ ವರದಿ ಎಲ್ಲರ ಕಣ್ಣು ತೆರೆಸಿತು. ಅಲ್ಲಿದ್ದದ್ದು ಒಂದು ಪ್ರಭೇದವಲ್ಲ, ಎರಡು! ಒಂದು ಹಳೆಯ ಸಾಧು ಆಲ್ಬಿಡಸ್. ಇನ್ನೊಂದು ಅದರಂತೆಯೇ ಕಾಣುವ, ಆದರೆ ಮರ ಕೊಲ್ಲುವ ಬೇರೆಯೇ ಪ್ರಭೇದ. ಅದನ್ನು ಮೊದಲು ‘ಹುಸಿ ಆಲ್ಬಿಡಸ್’ ಎಂಬ ಅರ್ಥದ ಹೆಸರಿನಿಂದ ಕರೆದರು. 2014ರಿಂದ ಅದರ ಹೆಸರು ಹೈಮೆನೋಸೈಫಸ್ ಫ್ರ್ಯಾಕ್ಸಿನಿಯಸ್.

ನಿಮ್ಮ ತರಗತಿಯಲ್ಲಿ ಅವಳಿ ಮಕ್ಕಳಿದ್ದಾರೆ ಎಂದುಕೊಳ್ಳಿ. ಹಾಜರಿ ಪುಸ್ತಕದಲ್ಲಿ ಇಬ್ಬರಿಗೂ ಸೇರಿಸಿ ಒಂದೇ ಹೆಸರು ಬರೆದರೆ ಏನಾಗುತ್ತದೆ? ಒಬ್ಬ ಮಾಡಿದ ತಂಟೆಗೆ ಇನ್ನೊಬ್ಬನಿಗೆ ಶಿಕ್ಷೆ. ಇಲ್ಲಿಯೂ ಆದದ್ದು ಅದೇ.

ಎರಡರಲ್ಲೂ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲವೇ? ಇದೆ. ಬಿಳಿ ಬಟ್ಟಲಿನಲ್ಲಿ ಬೀಜಕಗಳು ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿರುತ್ತವೆ. ಫ್ರ್ಯಾಕ್ಸಿನಿಯಸ್‌ನ ಚೀಲದ ಬುಡದಲ್ಲಿ ಒಂದು ಸಣ್ಣ ಕೊಕ್ಕೆ ಇರುತ್ತದೆ. ಆಲ್ಬಿಡಸ್‌ನಲ್ಲಿ ಆ ಕೊಕ್ಕೆ ಇಲ್ಲ. ಒಳ್ಳೆಯ ಸೂಕ್ಷ್ಮದರ್ಶಕ ಬೇಕು, ಎಲ್ಲಿ ನೋಡಬೇಕೆಂಬ ತಿಳಿವಳಿಕೆಯೂ ಬೇಕು. ಇಷ್ಟು ಸಣ್ಣ ಕೊಕ್ಕೆಯ ಹಿಂದೆ ಕೋಟ್ಯಂತರ ಮರಗಳ ಅಳಿವು ಉಳಿವಿನ ಪ್ರಶ್ನೆ ಇತ್ತು!

ಹಾಗಾದರೆ ಈ ಹೊಸಬ ಬಂದದ್ದು ಎಲ್ಲಿಂದ? ಉತ್ತರ ಜಪಾನಿನಲ್ಲಿ ಸಿಕ್ಕಿತು. ಅಲ್ಲಿನ ಆ್ಯಶ್ ಮರಗಳ ಎಲೆಕಡ್ಡಿಗಳ ಮೇಲೆ ಬೆಳೆಯುತ್ತಿದ್ದ ಒಂದು ಶಿಲೀಂಧ್ರವನ್ನು ಬೇರೊಂದು ಹೆಸರಿನಿಂದ ಕರೆಯುತ್ತಿದ್ದರು. ಅದೂ ಯುರೋಪಿನ ಕೊಲೆಗಾರನೂ ಒಂದೇ ಎಂದು 2012ರಲ್ಲಿ ತಿಳಿಯಿತು. ಆಮೇಲೆ ರಷ್ಯಾದ ಪೂರ್ವ ತುದಿಯಲ್ಲಿ ಮಂಚೂರಿಯಾದ ಆ್ಯಶ್ ಮರಗಳನ್ನು ಪರೀಕ್ಷಿಸಿದಾಗ ಅವುಗಳ ಎಲೆಯೊಳಗೂ ಇದು ಸಿಕ್ಕಿತು. ಆದರೆ ಅಲ್ಲಿ ಮರಗಳು ಸಾಯುತ್ತಿರಲಿಲ್ಲ. ಬಹುಕಾಲ ಒಟ್ಟಿಗೆ ಬಾಳಿದ ಮರಕ್ಕೂ ಶಿಲೀಂಧ್ರಕ್ಕೂ ಹೊಂದಾಣಿಕೆ ಆಗಿತ್ತು. ತವರಿನಲ್ಲಿ ಹೆಚ್ಚಿನ ಹಾನಿ ಮಾಡದೆ ಎಲೆಯೊಳಗೆ ಬಾಳುವ ಶಿಲೀಂಧ್ರವೇ, ಅದರ ಪರಿಚಯವಿಲ್ಲದ ಯುರೋಪಿನ ಮರಕ್ಕೆ ಮಾರಿಯಾಯಿತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಯುರೋಪಿನಲ್ಲಿ ಹಬ್ಬಿರುವ ಇಷ್ಟೂ ಶಿಲೀಂಧ್ರ ಎರಡೇ ಎರಡು ಜೀವಿಗಳ ಸಂತತಿ.

ಈಗ ಹೇಳಿ, ‘ಇದು ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇದೆಯೇ? ಯಾವ ಶಿಲೀಂಧ್ರ, ಯಾವ ಮರದಲ್ಲಿ, ಯಾವ ಊರಿನಲ್ಲಿ ಎಂದು ತಿಳಿಯದೆ ಉತ್ತರ ಹೇಳಲಾಗದು.

ತಪ್ಪು ಹೆಸರಿನ ಬೆಲೆ

ಹೆಸರು ತಪ್ಪಾದರೆ ಪುಸ್ತಕದಲ್ಲಿ ತಿದ್ದಿಕೊಂಡರಾಯಿತು, ನಷ್ಟವೇನು ಎನ್ನಬಹುದು. ನಷ್ಟ ಇದೆ. 2009ರಲ್ಲಿ ಬ್ರಿಟನ್ನಿನ ಸಸಿ ವ್ಯಾಪಾರಿಗಳು, ಹೊರದೇಶದಿಂದ ಆ್ಯಶ್ ಸಸಿ ತರಿಸುವುದನ್ನು ನಿಲ್ಲಿಸಬೇಕೆಂದು ಕೇಳಿದ್ದರು. ಆಗಿನ ತಿಳಿವಳಿಕೆಯ ಪ್ರಕಾರ ರೋಗದ ಶಿಲೀಂಧ್ರ ಬ್ರಿಟನ್ನಿನಲ್ಲಿ ಮೊದಲಿನಿಂದಲೂ ಇದ್ದ ಆಲ್ಬಿಡಸ್. ಮನೆಯೊಳಗೇ ಇರುವವನನ್ನು ತಡೆಯಲು ಬಾಗಿಲು ಹಾಕಿ ಏನು ಪ್ರಯೋಜನ? ಹೀಗೆಂದು ನಿರ್ಬಂಧ ಬರಲಿಲ್ಲ. 2012ರ ಫೆಬ್ರವರಿಯಲ್ಲಿ ಅಲ್ಲಿನ ಒಂದು ಸಸ್ಯಕ್ಷೇತ್ರದಲ್ಲಿ, ಹೊರಗಿನಿಂದ ತಂದ ಸಸಿಗಳಲ್ಲಿ ರೋಗ ಪತ್ತೆಯಾಯಿತು. ಅದೇ ವರ್ಷ ಕಾಡಿನ ಮರಗಳಲ್ಲೂ ಕಾಣಿಸಿತು. ಅಕ್ಟೋಬರ್‌ನಲ್ಲಿ ಸಸಿಗಳ ಆಮದನ್ನು ನಿಷೇಧಿಸಿದರು.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. 2009ರಲ್ಲೇ ನಿಷೇಧ ಬಂದಿದ್ದರೆ ಬ್ರಿಟನ್ನಿನ ಮರಗಳೆಲ್ಲ ಉಳಿಯುತ್ತಿದ್ದವು ಎನ್ನಲಾಗದು. ಬೀಜಕಗಳು ಗಾಳಿಯಲ್ಲಿ ಸಮುದ್ರ ದಾಟಿಯೂ ಬರಬಲ್ಲವು. ಆದರೆ ರೋಗವಿದ್ದ ಸಸಿಗಳನ್ನು ನಾವೇ ಹೊತ್ತು ತಂದು ಊರೂರಿಗೆ ಹಂಚುವುದು ತಪ್ಪುತ್ತಿತ್ತು. ಆ್ಯಶ್ ಮರ ಹೋದರೆ ಅದೊಂದೇ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ ಕಲ್ಲುಹೂವು, ಕೀಟ, ಹಕ್ಕಿಗಳೂ ಸೇರಿದಂತೆ ಸುಮಾರು 950 ಪ್ರಭೇದಗಳು ಈ ಮರವನ್ನು ಒಂದಲ್ಲ ಒಂದು ರೀತಿ ಬಳಸುತ್ತವೆ. ಅವುಗಳಲ್ಲಿ ಕೆಲವಕ್ಕೆ ಬೇರೆ ಮರವೇ ಗತಿಯಿಲ್ಲ. ಪಾಪ, ಸಾಧು ಆಲ್ಬಿಡಸ್ ಕೂಡ ಹೊಸಬ ಬಂದ ಕಡೆಗಳಲ್ಲಿ ಕಾಣೆಯಾಗುತ್ತಿದೆ.

ಗುರುತಿಸುವುದು ಹೇಗೆ?

ವಿಜ್ಞಾನಿಗಳು ಎಲೆಯೊಳಗಿನ ಶಿಲೀಂಧ್ರವನ್ನು ಗುರುತಿಸುವ ಬಗೆ ನೋಡಿ.

ಮೊದಲು ಎಲೆಯನ್ನು ನೀರಿನಲ್ಲಿ ತೊಳೆಯುತ್ತಾರೆ. ನಂತರ ಸ್ವಲ್ಪ ಹೊತ್ತು ಆಲ್ಕೊಹಾಲ್‌ನಲ್ಲಿಯೂ ಬ್ಲೀಚ್ ದ್ರಾವಣದಲ್ಲಿಯೂ ಅದ್ದುತ್ತಾರೆ. ಎಲೆಯ ಹೊರಮೈ ಮೇಲಿನ ಶಿಲೀಂಧ್ರಗಳೆಲ್ಲ ಸಾಯಬೇಕು, ಒಳಗಿನವು ಉಳಿಯಬೇಕು. ಹೊರಮೈ ನಿಜಕ್ಕೂ ಸ್ವಚ್ಛವಾಯಿತೇ? ಅದಕ್ಕೂ ಪರೀಕ್ಷೆ ಇದೆ. ತೊಳೆದ ಎಲೆಯನ್ನು ಅಗಾರ್ ತುಂಬಿದ ಬಟ್ಟಲಿನ ಮೇಲೆ ಒಮ್ಮೆ ಒತ್ತಿ ತೆಗೆಯುತ್ತಾರೆ. ಆ ಗುರುತಿನಲ್ಲಿ ಏನಾದರೂ ಬೆಳೆದರೆ ತೊಳೆದದ್ದು ಸಾಲದು ಎಂದರ್ಥ. ಅಗಾರ್ ಎಂದರೆ ಕಡಲಕಳೆಯಿಂದ ತೆಗೆದ, ಹಲ್ವದಂತೆ ಗಟ್ಟಿಯಾಗುವ ಪದಾರ್ಥ. ಅಂಗಡಿಯಲ್ಲಿ ಇದನ್ನು ಚೈನಾ ಗ್ರಾಸ್ ಎನ್ನುತ್ತಾರೆ.

ಆಮೇಲೆ ಎಲೆಯನ್ನು ಚಿಕ್ಕ ಚಿಕ್ಕ ಚೂರುಗಳಾಗಿ ಕತ್ತರಿಸಿ, ಆಹಾರ ಸೇರಿಸಿದ ಅಗಾರ್ ಮೇಲೆ ಇಟ್ಟು ಕಾಯುತ್ತಾರೆ. ಕೆಲವು ಶಿಲೀಂಧ್ರಗಳು ಎರಡು ಮೂರು ದಿನಗಳಲ್ಲೇ ಚೂರಿನ ಅಂಚಿನಿಂದ ಹೊರಬರುತ್ತವೆ. ಕೆಲವಕ್ಕೆ ವಾರಗಳೇ ಬೇಕು. ಅವಸರದಲ್ಲಿ ಬಟ್ಟಲನ್ನು ಎಸೆದರೆ ನಿಧಾನವಾಗಿ ಬೆಳೆಯುವವು ಲೆಕ್ಕಕ್ಕೇ ಸಿಗುವುದಿಲ್ಲ. ಹೊರಬಂದ ಒಂದೊಂದನ್ನೂ ಬೇರೆ ಬೇರೆ ಬಟ್ಟಲಿಗೆ ವರ್ಗಾಯಿಸಿ ಬೆಳೆಸುತ್ತಾರೆ.

ಮುಂದಿನದು ಸೂಕ್ಷ್ಮದರ್ಶಕದ ಕೆಲಸ. ಬಣ್ಣ ಯಾವುದು? ಬೀಜಕದ ಆಕಾರ ಹೇಗಿದೆ? ಆಲ್ಟರ್ನೇರಿಯಾ ಎಂಬ ಶಿಲೀಂಧ್ರದ ಬೀಜಕ ಪುಟ್ಟ ಗದೆಯಂತೆ ಇದ್ದು, ಒಳಗೆ ಅಡ್ಡ ಉದ್ದ ಗೋಡೆಗಳಿರುತ್ತವೆ. ಒಮ್ಮೆ ನೋಡಿದರೆ ಮರೆಯುವಂತಿಲ್ಲ. ಆದರೆ ಎಷ್ಟೋ ಶಿಲೀಂಧ್ರಗಳು ಬಟ್ಟಲಿನಲ್ಲಿ ಬೀಜಕಗಳನ್ನೇ ಬಿಡುವುದಿಲ್ಲ. ಬರೀ ಬಿಳಿ ಅಥವಾ ಬೂದು ನೂಲಿನ ಮುದ್ದೆ ಕಾಣುತ್ತದೆ. ಆಗ ಡಿಎನ್ಎ ನೆರವಿಗೆ ಬರುತ್ತದೆ. ಶಿಲೀಂಧ್ರದ ಡಿಎನ್ಎಯಲ್ಲಿ ಐಟಿಎಸ್ ಎಂಬ ಒಂದು ಸಣ್ಣ ಭಾಗವಿದೆ. ಅದರ ಕೆಲವು ನೂರು ‘ಅಕ್ಷರ’ಗಳನ್ನು ಓದಿ, ಈಗಾಗಲೇ ತಿಳಿದಿರುವ ಶಿಲೀಂಧ್ರಗಳ ಅಕ್ಷರಗಳ ಜೊತೆ ಹೋಲಿಸುತ್ತಾರೆ. ಅಂಗಡಿಯ ಸಾಮಾನಿನ ಮೇಲಿರುವ ಪಟ್ಟೆ ಗುರುತಿನಂತೆ ಈ ಭಾಗವನ್ನು ಎಲ್ಲರೂ ಬಳಸೋಣ ಎಂದು 2012ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಸೂಚಿಸಿದರು. ಬಟ್ಟಲಿನಲ್ಲಿ ಬೆಳೆಯಲೊಲ್ಲದ ಶಿಲೀಂಧ್ರಗಳನ್ನೂ ಎಲೆಯ ಡಿಎನ್ಎಯಿಂದ ನೇರವಾಗಿ ಪತ್ತೆ ಹಚ್ಚಬಹುದು.

‘ಯಂತ್ರವೇ ಹೇಳುತ್ತದಲ್ಲ!’

‘ಹಾಗಾದರೆ ಯಂತ್ರವೇ ಹೆಸರು ಹೇಳುತ್ತದೆ, ಸೂಕ್ಷ್ಮದರ್ಶಕದಲ್ಲಿ ಕಣ್ಣು ನೋಯಿಸಿಕೊಳ್ಳುವುದೇಕೆ?’ ಎಂದು ನೀವು ಕೇಳಬಹುದು. ದೊಡ್ಡವರಲ್ಲೂ ಹಲವರು ಹೀಗೆ ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಯಂತ್ರ ಅಕ್ಷರಗಳನ್ನು ಓದುತ್ತದೆ, ನಿಜ. ಆದರೆ ಆ ಅಕ್ಷರಗಳ ಮುಂದೆ ಹೆಸರು ಬರೆದಿಟ್ಟವರು ಯಾರು? ಶಿಲೀಂಧ್ರವನ್ನು ಕೈಯಲ್ಲಿ ಹಿಡಿದು, ಬೀಜಕ ಅಳೆದು, ಚಿತ್ರ ಬರೆದು, ಮಾದರಿಯನ್ನು ಜೋಪಾನವಾಗಿಟ್ಟ ಮನುಷ್ಯರು. ಅವರು ಬರೆದ ಹೆಸರು ತಪ್ಪಾಗಿದ್ದರೆ ಯಂತ್ರವೂ ಆ ತಪ್ಪನ್ನೇ ಒಪ್ಪಿಸುತ್ತದೆ. ಅಲ್ಲದೆ ತೀರ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಐಟಿಎಸ್ ಒಂದೇ ಸಾಲುವುದಿಲ್ಲ. ಕಣ್ಣೂ ಬೇಕು, ಯಂತ್ರವೂ ಬೇಕು.

‘ಮರ ಸಾಯುತ್ತಿರುವಾಗ ಹೆಸರು ಹುಡುಕುತ್ತಾ ಕೂರುವುದೇ? ಔಷಧಿ ಸಿಂಪಡಿಸಿದರಾಗದೇ?’ ಎನ್ನುವವರೂ ಇದ್ದಾರೆ. ಅವರ ಆತಂಕ ಅರ್ಥವಾಗುತ್ತದೆ. ಆದರೆ ಔಷಧಿ ಯಾರಿಗೆ? ಯುರೋಪಿನ ಆ್ಯಶ್ ಎಲೆಯೊಳಗೆ ವೆಂಚೂರಿಯಾ ಫ್ರ್ಯಾಕ್ಸಿನಿ ಎಂಬ ಶಿಲೀಂಧ್ರ ಬಹಳ ಸಾಮಾನ್ಯ. ಅದು ಇದ್ದಮಾತ್ರಕ್ಕೆ ಮರ ಸಾಯುವುದಿಲ್ಲ. ಕೊಲೆಟೋಟ್ರೈಕಮ್ ಎಂಬ ಗುಂಪಿನವೂ ಸಿಗುತ್ತವೆ. ಇದೇ ಗುಂಪಿನ ಕೆಲವು ಪ್ರಭೇದಗಳು ನಮ್ಮ ಮಾವು, ಮೆಣಸಿನಕಾಯಿಗೆ ಚಿಬ್ಬು ರೋಗ ತರುತ್ತವೆ. ಹಾಗೆಂದು ಗುಂಪಿನ ಹೆಸರು ನೋಡಿ ಎಲ್ಲವನ್ನೂ ಶತ್ರು ಎನ್ನುವುದು ಸರಿಯೇ? ಒಂದೇ ಮನೆತನದಲ್ಲಿ ಬೇರೆ ಬೇರೆ ಸ್ವಭಾವದವರು ಇರುವುದಿಲ್ಲವೇ?

ಇನ್ನೂ ಒಂದು ಸಂಗತಿ ಇದೆ. ಆ್ಯಶ್ ಎಲೆಯೊಳಗಿನ ಕೆಲವು ಶಿಲೀಂಧ್ರಗಳನ್ನು ಫ್ರ್ಯಾಕ್ಸಿನಿಯಸ್ ಜೊತೆ ಒಂದೇ ಬಟ್ಟಲಿನಲ್ಲಿ ಬೆಳೆಸಿದಾಗ, ಅವು ಕೊಲೆಗಾರನ ಬೆಳವಣಿಗೆಯನ್ನು ತಡೆದಿವೆ. ಬಟ್ಟಲಿನಲ್ಲಿ ಗೆದ್ದವರು ಕಾಡಿನಲ್ಲೂ ಗೆಲ್ಲುತ್ತಾರೆ ಎನ್ನಲಾಗದು. ಆದರೂ ಎಲೆಯೊಳಗೇ ಕಾವಲುಗಾರರು ಇರಬಹುದು ಎಂಬ ಆಸೆಯಿಂದ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಹೆಸರೇ ತಿಳಿಯದ ಕಾವಲುಗಾರನನ್ನು ಮತ್ತೆ ಹುಡುಕಿ ಕರೆಯುವುದು ಹೇಗೆ?

ನೀವೇನು ಮಾಡಬಹುದು?

ನಿಮ್ಮ ಶಾಲೆಯಲ್ಲಿ ಡಿಎನ್ಎ ಓದುವ ಯಂತ್ರ ಇರಲಾರದು. ಆದರೆ ಗುರುತಿಸುವ ಅಭ್ಯಾಸಕ್ಕೆ ಮೊದಲು ಬೇಕಾದದ್ದು ಒಂದು ನೋಟ್‌ಪುಸ್ತಕ, ಪೆನ್ಸಿಲ್ ಮತ್ತು ತಾಳ್ಮೆ. ಶಾಲೆಯ ಆವರಣದ ಬೇವು, ಹೊಂಗೆ ಅಥವಾ ಮಾವಿನ ಮರವೊಂದನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ ಅದರ ಐದು ಎಲೆಗಳನ್ನು ನೋಡಿ. ಚುಕ್ಕೆ ಇದ್ದರೆ ಅದರ ಬಣ್ಣ, ಆಕಾರ, ಅಂಚು, ಅದು ಎಲೆಯ ಮೇಲ್ಭಾಗದಲ್ಲಿದೆಯೋ ಅಡಿಯಲ್ಲಿದೆಯೋ ಎಂದು ಬರೆಯಿರಿ. ದಿನಾಂಕ ಮತ್ತು ಸ್ಥಳ ಬರೆಯಲು ಮರೆಯಬೇಡಿ. ಭೂತಗನ್ನಡಿ ಇದ್ದರೆ ಚಿತ್ರವನ್ನೂ ಬರೆಯಿರಿ. ಬೂಷ್ಟನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮೂಸಬೇಡಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಎರಡು ಚುಕ್ಕೆಗಳು ಒಂದೇ ರೀತಿ ಕಂಡರೆ ‘ಎರಡೂ ಒಂದೇ’ ಎಂದು ಬರೆಯಬೇಡಿ. ‘ಒಂದೇ ರೀತಿ ಕಾಣುತ್ತವೆ’ ಎಂದು ಬರೆಯಿರಿ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸ ನಿಮಗೆ ತಿಳಿದರೆ, ಆ್ಯಶ್ ಮರದ ಕಥೆ ನಿಮಗೆ ಅರ್ಥವಾಗಿದೆ ಎಂದೇ ಲೆಕ್ಕ. ಹೆಸರು ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡಿ. ಅದು ನಾಚಿಕೆಯ ವಿಷಯವಲ್ಲ. ಊಹೆಯ ಹೆಸರಿಗಿಂತ ಖಾಲಿ ಜಾಗವೇ ಮೇಲು. ನಾಳೆ ನೀವೋ, ನಿಮ್ಮ ಪುಸ್ತಕ ನೋಡಿದ ಇನ್ನೊಬ್ಬರೋ ಅಲ್ಲಿ ಸರಿಯಾದ ಹೆಸರು ಬರೆಯಬಹುದು.